ಶ್ರೀಧರನ ಕಾರನ್ನು ಚಳಿಗಾಲಕ್ಕೆ ಮಲಗಿಸಿದ ವರ್ಷ

ಕಳೆದ ವಾರ ಪಕ್ಕದ ಮನೆಯ ಆನ್ನೆಕೆ ಒಂದು ಕಾಗದದ ಚೀಲದ ತುಂಬ ಟ್ಯುಲಿಪ್ ಗೆಡ್ಡೆ ತಂದುಕೊಟ್ಟಳು. ಈಗ ಮಣ್ಣಿಗೆ ಹಾಕು, ಚಳಿ ಮುಗಿದ ಮೇಲೆ ಹೂ ಬಿಡುತ್ತೆ ಅಂದಳು. ನನಗೆ ಗಿಡ ಬೆಳೆಸುವ ಹುಚ್ಚು ಒಂಚೂರೂ ಇಲ್ಲ, ತುಳಸಿಯನ್ನೇ ಮತ್ತೆ ಮತ್ತೆ ತಂದು ಸಾಯಿಸಿದವಳು ನಾನು. ಆದರೂ ಮರ್ಯಾದೆಗೆ ತೆಗೆದುಕೊಂಡು ಅಡುಗೆಮನೆ ಕಟ್ಟೆಯ ಮೇಲೆ ಚೀಲದ ಬಾಯಿ ಬಿಚ್ಚಿದೆ. ಒಣ ಈರುಳ್ಳಿ ಸಿಪ್ಪೆ, ಗೋಣಿಚೀಲ, ತೇವದ ಮರಳು, ಮೂರೂ ಬೆರೆತ ಹಾಗಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಹೂವಿನ ಹೊಲ ನೆನಪಾಗುತ್ತಿತ್ತೇನೋ. ನನಗೆ ನೆನಪಾದದ್ದು ಲೈಡನ್ ಆಚೆಯ ಒಂದು ಗೆಡ್ಡೆ ಗೋದಾಮು, ಅದರೊಳಗೆ ನಿಂತ ನಮ್ಮ ನೀಲಿ ಕಾರು, ಮತ್ತು ಆ ವರ್ಷ.

ಸ್ವಲ್ಪ ಹಿಂದಿನದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ. ಶ್ರೀಧರ ನನ್ನ ಗಂಡ. ಮೈಸೂರಿನಲ್ಲಿ ಇಬ್ಬರೂ ಒಂದೇ ಕಾಲೇಜು, ಹಾಗಾಗಿ ನಮ್ಮದು ಮೊದಲಿನಿಂದಲೂ ಹೋಗೋ ಬಾರೆ. ‘ರೀ’ ಅನ್ನುವುದನ್ನು ಕಲಿಸಲು ನೋಡಿ ನಮ್ಮ ಅತ್ತೆ ಸೋತರು. ಮಕ್ಕಳಿಲ್ಲ. ಕಮೆಂಟಿನಲ್ಲಿ ಕೇಳುವವರ ಶ್ರಮ ಉಳಿಸಿದೆ. ನನ್ನ ಕೆಲಸದ ಪರ್ಮಿಟ್ಟಿನ ಮೇಲೆ ಇಬ್ಬರೂ ಡಚ್ಚರ ದೇಶದ ಜೂಟರ್‌ಮೀರ್ ಅನ್ನುವ ಊರಿಗೆ ಬಂದೆವು. ಊರಿನ ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುತ್ತಿದ್ದ ಮನುಷ್ಯ ಇಲ್ಲಿ ಡಚ್ ಬಾರದೆ ಒಂದು ವೇರ್‌ಹೌಸಿನಲ್ಲಿ ಪಾರ್ಸೆಲ್ ಡಬ್ಬಗಳಿಗೆ ಟೇಪ್ ಸುತ್ತಿದ. ಗೊಣಗಲಿಲ್ಲ. ಗೊಣಗಿದ್ದರೆ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತದೆ.

ಅವನ ಜೀವ ಇದ್ದದ್ದು ಆ ಕಾರಿನಲ್ಲಿ. ಸೆಕೆಂಡ್ ಹ್ಯಾಂಡ್ ಗಾಡಿ, ಮೈತುಂಬ ಗೀರು. ಆದರೆ ಕನ್ನಡದ ಮಂದಿಗೆ ಏರ್‌ಪೋರ್ಟಿಗೆ ಹೋಗಬೇಕೆಂದರೆ ಶ್ರೀಧರ, ಸೋಫಾ ಸಾಗಿಸಬೇಕೆಂದರೆ ಶ್ರೀಧರ, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತಿನ ಕೊಳದಪ್ಪಲೆ ಚೆಲ್ಲದಂತೆ ಆಮ್ಸ್ಟೆಲ್‌ವೀನ್ ಮುಟ್ಟಿಸಬೇಕೆಂದರೂ ಶ್ರೀಧರ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಸಿಗ್ನಲ್ ಬಂದಾಗೆಲ್ಲ ‘ಕೆಂಪು, ಕೆಂಪು’ ಅಂತ ಕೂಗುವುದು ನನ್ನ ಇಲಾಖೆ.

ಆ ವರ್ಷ ಜುಲೈನಲ್ಲಿ ಮೈಸೂರಿನ ಒಂದು ಖಾಸಗಿ ಪಾಲಿಟೆಕ್ನಿಕ್ ಅವನನ್ನು ಕರೆಯಿತು. ಯಾರೋ ಮೇಷ್ಟ್ರು ಬಿಟ್ಟುಹೋಗಿದ್ದರಂತೆ. “ಒಂದೇ ವರ್ಷ ಕಣೆ, ಏಪ್ರಿಲ್‌ಗೆ ಪಾಠ ಮುಗಿಯುತ್ತೆ, ಬಂದ್ಬಿಡ್ತೀನಿ,” ಅಂದ. ಹೋದ. ಕಾರು ಮನೆಯೆದುರು ನಿಂತಿತು. ನಾನು ಆಫೀಸಿಗೆ ರೈಲು, ತರಕಾರಿಗೆ ಸೈಕಲ್ಲು. ಸೆಪ್ಟೆಂಬರ್ ಹೊತ್ತಿಗೆ ಗಾಜಿನ ಮೇಲೆ ಎಲೆ ಬಿದ್ದು ಬಿದ್ದು ಕಾರು ಅನಾಥ ನಾಯಿಯ ಹಾಗೆ ಕಾಣತೊಡಗಿತು.

ಉಪಾಯ ಹೇಳಿದವನು ಬಸವರಾಜ. ನನ್ನ ಆಫೀಸಿನವನೇ, ಹುಬ್ಬಳ್ಳಿಯವನು. “ವೈನಿ, ಓಡಸಲಾರದ ಗಾಡಿಗೆ ಟ್ಯಾಕ್ಸು, ಇನ್ಸೂರೆನ್ಸು ಯಾಕ ಕಟ್ಟತೀರಿ? ನಂಬರ್ ತಾತ್ಪೂರ್ತಿಕ ಸಸ್ಪೆಂಡ್ ಮಾಡಸ್ರಿ, ಗಾಡೀನ ಒಯ್ದು ಯಾರದರ ಗೋದಾಮಿನ್ಯಾಗ ನಿಲ್ಲಸ್ರಿ,” ಅಂದ. ಇಲ್ಲಿ ಅದೊಂದು ಪದ್ಧತಿ. ಚಳಿಗಾಲಕ್ಕೆ ಮುಂಚೆ ಟ್ಯುಲಿಪ್ ಬೆಳೆಯುವವರ ಗೆಡ್ಡೆಗಳೆಲ್ಲ ಹೊಲಕ್ಕಿಳಿಯುತ್ತವೆ, ಗೋದಾಮು ಖಾಲಿಯಾಗುತ್ತದೆ. ಆ ಜಾಗದಲ್ಲಿ ಜನರ ಕ್ಯಾರಾವಾನು, ಅಂದರೆ ಕಾರಿಗೆ ಕಟ್ಟಿ ಎಳೆಯುವ ಗಾಲಿಮನೆ, ದೋಣಿ, ಕಾರುಗಳನ್ನು ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ. ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಜೋಡಿಸುವುದರಿಂದ ಒಮ್ಮೆ ಒಳಗೆ ಹೋದದ್ದು ಏಪ್ರಿಲ್‌ವರೆಗೆ ಹೊರಗೆ ಬರುವುದಿಲ್ಲ. ರಿಯಾ ಎಂಬ ರೈತ ಹೆಂಗಸು ನಮಗೆ ಜಾಗ ಕೊಡಲು ಒಪ್ಪಿದಳು. ಅವಳ ಷರತ್ತುಗಳು ಚಿಕ್ಕವು: ಕಾರು ಶುದ್ಧವಾಗಿರಬೇಕು, ಒಳಗೆ ತಿನ್ನುವ ಪದಾರ್ಥ ಇರಬಾರದು, ಒಂದು ಕೀ ಅವಳ ಹತ್ತಿರ ಬಿಡಬೇಕು.

ನನ್ನ ಹತ್ತಿರ ಇದ್ದದ್ದು ಒಂದೇ ಕೀ. ಇನ್ನೊಂದು ಶ್ರೀಧರನ ಜೇಬಿನಲ್ಲೇ ಮೈಸೂರಿಗೆ ಹೋಗಿತ್ತು. ಕಳಿಸು ಅಂದೆ. ಕಳಿಸ್ತೀನಿ ಅಂದ. ಕಾರನ್ನು ಮಲಗಿಸುವ ಸುದ್ದಿ ಕೇಳಿ ಮನುಷ್ಯ ಎಷ್ಟು ಹಿಗ್ಗಿದನೆಂದರೆ, ಅವನು ಬರುವುದು ಖಂಡಿತ ಅಂತ ನನಗೆ ಅದೇ ಗ್ಯಾರಂಟಿಯಾಯಿತು.

ಅದರ ಮಧ್ಯೆ ಆಯುಧಪೂಜೆ ಬಂತು. ಪ್ರತಿ ವರ್ಷ ಶ್ರೀಧರ ಕಾರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹಾರ ಹಾಕಿ, ಚಕ್ರದ ಕೆಳಗಿನ ನಿಂಬೆಹಣ್ಣುಗಳನ್ನು ಪಟಪಟ ಒಡೆದುಕೊಂಡು ಮುಂದೆ ಹೋಗುತ್ತಿದ್ದ. ಆ ವರ್ಷ ನಾನೊಬ್ಬಳೇ. ಆಮ್ಸ್ಟೆಲ್‌ವೀನ್ ಅಂಗಡಿಯಿಂದ ತಂದ ಕಡ್ಲೆಪುರಿಯನ್ನು ತಟ್ಟೆಯಲ್ಲಿ ಡ್ಯಾಶ್‌ಬೋರ್ಡಿನ ಮೇಲಿಟ್ಟೆ, ಮಂಗಳಾರತಿ ಮಾಡಿದೆ, ನಿಂಬೆಹಣ್ಣು ಇಟ್ಟೆ. ಆಮೇಲೆ ನೆನಪಾಯಿತು, ಓಡಿಸುವವರು ಯಾರು? ಪೂಜೆ ಅರ್ಧಕ್ಕೆ ಬಿಡಬಾರದು. ಹ್ಯಾಂಡ್‌ಬ್ರೇಕ್ ತೆಗೆದು ಹಿಂದಿನಿಂದ ತಳ್ಳಿದೆ. ಅಲ್ಲಾಡಲಿಲ್ಲ. ಸೈಕಲ್ ತೆಗೆಯುತ್ತಿದ್ದ ಆನ್ನೆಕೆ ಬಂದು ತಾನೂ ಕೈ ಕೊಟ್ಟಳು.

“ಕೆಟ್ಟುಹೋಗಿದೆಯಾ?” ಅಂತ ಕೇಳಿದಳು.

“ಇಲ್ಲ, ಪೂಜೆ.”

“ಓ,” ಅಂದಳು. ಇನ್ನೂ ಜೋರಾಗಿ ತಳ್ಳಿದಳು.

ಕಾರು ಧಡಕ್ ಅಂತ ಮುಂದೆ ಹೋಯಿತು. ಒಂದು ನಿಂಬೆಹಣ್ಣೂ ಒಡೆಯಲಿಲ್ಲ. ಎಲ್ಲ ಪುಟಿದುಕೊಂಡು ರಸ್ತೆಗೆ ಉರುಳಿದವು. ಆನ್ನೆಕೆ ಪಾಪ, ಓಡಿಹೋಗಿ ಅವನ್ನೆಲ್ಲ ಹೆಕ್ಕಿ, ಕೋಟಿಗೆ ಒರೆಸಿ, ನಿಂದು ಬಿದ್ದುಹೋಯಿತು ಅಂತ ನನ್ನ ಕೈಗೆ ಕೊಟ್ಟಳು. ಒಳಗೆ ತಟ್ಟೆ ಮಗುಚಿ ಕಡ್ಲೆಪುರಿ ಸೀಟು, ನೆಲ, ಎಲ್ಲ ಕಡೆ ಮಳೆಯಾಗಿತ್ತು. ಇದನ್ನು ಹೇಳಿದಾಗ ಶ್ರೀಧರ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕ. ನಾನೂ ನಕ್ಕೆ. ಆ ನಗು ಮುಗಿದ ಮೇಲೆ ಮನೆ ಎಷ್ಟು ನಿಶ್ಶಬ್ದವಾಗಿತ್ತು ಅಂದರೆ ಫ್ರಿಜ್ಜಿನ ಗುಂಯ್ ಕೇಳುತ್ತಿತ್ತು.

ಅಕ್ಟೋಬರ್ ಕೊನೆಗೆ ವಿಡಿಯೊ ಕಾಲಿನ ಪಾಠ ಶುರುವಾಯಿತು. ಅವನು ಕಾಲೇಜಿನ ಕಾರಿಡಾರಿನಲ್ಲಿ, ನಾನು ಬಾನೆಟ್ ಎತ್ತಿ ಗಾಳಿಯಲ್ಲಿ ನಡುಗುತ್ತ.

“ಟೈರಿಗೆ ಗಾಳಿ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಹೊಡಿ. ತಿಂಗಳುಗಟ್ಲೆ ಒಂದೇ ಕಡೆ ನಿಂತ್ರೆ ಕೆಳಗಡೆ ಚಪ್ಪಟೆ ಆಗುತ್ತೆ.”

“ಸರಿ ಸಾರ್.”

“ಸಾರ್ ಗೀರ್ ಬೇಡ, ಬರ್ಕೋ.”

“ತಲೇಲಿ ಇಟ್ಕೋತೀನಿ.”

“ಅಲ್ಲೇ ಇರೋದು ಪ್ರಾಬ್ಲಮ್ಮು. ಟ್ಯಾಂಕ್ ಫುಲ್ ಮಾಡ್ಸು, ಖಾಲಿ ಇದ್ರೆ ಒಳಗೆ ನೀರು ಕಟ್ಕೊಳುತ್ತೆ. ಅಲ್ಲಿ ನಿಲ್ಲಿಸಿದ್ಮೇಲೆ ಹ್ಯಾಂಡ್‌ಬ್ರೇಕ್ ಹಾಕ್ಬೇಡ, ಕಚ್ಕೊಂಡ್ಬಿಡುತ್ತೆ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡು. ಬ್ಯಾಟರಿದು ಮೈನಸ್ ಬಿಚ್ಚು. ಕರಿ ವೈರು.”

“ಎಲ್ಲಾ ಕರೀನೇ ಕಾಣ್ತಿದೆ ಕಣೋ. ಯಾವಾಗ ಒರೆಸಿದ್ದೆ ಇದನ್ನ?”

“ಕ್ಲಾಸಲ್ಲಿ ಎದುರು ಮಾತಾಡಿದ್ರೆ ಆಚೆ ಕಳಿಸ್ತೀನಿ.”

“ಆಚೇನೇ ಇದೀನಿ, ನಾಲ್ಕು ಡಿಗ್ರೀಲಿ!”

ಅವನ ಹಿಂದೆ ಹುಡುಗರು ‘ಗುಡ್ ಆಫ್ಟರ್‌ನೂನ್ ಸಾರ್’ ಅನ್ನುತ್ತ ಹಾದುಹೋಗುತ್ತಿದ್ದರು. ಅವನು ತಿರುಗಿ ತಲೆಯಾಡಿಸುತ್ತಿದ್ದ. ಆ ತಲೆಯಾಡಿಸುವ ಗತ್ತು ನಾನು ಮದುವೆಯಾದ ಹೊಸದರಲ್ಲಿ ನೋಡಿದ್ದು. ಇಲ್ಲಿಗೆ ಬಂದ ಮೇಲೆ ಎಲ್ಲಿ ಹೋಗಿತ್ತೋ. ನೋಡಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಖುಷಿಯ ಬಾಲದಲ್ಲೇ ಒಂದು ಪ್ರಶ್ನೆ ಬಂತು, ಇದನ್ನು ಬಿಟ್ಟು ಇವನು ವಾಪಸ್ ಬರುತ್ತಾನಾ? ಗೂಡಂಗಡಿಯವನಿಗೂ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ನಾನು, ಅವತ್ತು ಮಾತ್ರ ಕೇಳಲಿಲ್ಲ. ಬ್ಯಾಟರಿ ವೈರನ್ನು ಗೋದಾಮಿನಲ್ಲಿ ಬಿಚ್ಚುವುದು, ಗಾಳಿ ಪೆಟ್ರೋಲು ಹೋಗುವ ದಾರಿಯಲ್ಲಿ ಬಸವರಾಜ ಹಾಕಿಸುವುದು ಎಂದು ತೀರ್ಮಾನವಾಯಿತು. ಉಳಿದದ್ದನ್ನೆಲ್ಲ ಮಾಡಿದೆ. ತೊಳೆದೆ, ಮೇಣ ಹಚ್ಚಿದೆ, ಬಾಗಿಲ ರಬ್ಬರಿಗೆ ಅವನು ಹೇಳಿದ ಎಣ್ಣೆ ಸವರಿದೆ. ಮಗುವಿಗೆ ಎಣ್ಣೆ ನೀರು ಹಾಕುವವರ ಹಾಗೆ.

ನವೆಂಬರಿನಲ್ಲಿ ಪಾರ್ಸೆಲ್ ಬಂತು. ಕಾಫಿಪುಡಿ, ಚಟ್ನಿಪುಡಿ, ಅದರ ಕೆಳಗೆ ಹಳೆಯ ಕಾಲುಚೀಲದಲ್ಲಿ ಸುತ್ತಿದ ಕೀ ಗೊಂಚಲು. ಕಾಲುಚೀಲ ಬಿಡಿಸಿ ಮೇಜಿನ ಮೇಲೆ ಸುರಿದೆ. ಕಾರಿನ ಕೀ. ಅದರ ಜೊತೆಗೆ ನಮ್ಮ ಮನೆಯ ಮುಂಬಾಗಿಲಿನ ಕೀ. ಟಪಾಲು ಡಬ್ಬಿಯದು. ಅವನ ಸೈಕಲ್ಲಿನದು.

ಕೂಡಲೇ ಫೋನ್ ಮಾಡಿದೆ.

“ಬಂತಾ?” ಅಂದ.

“ಬಂತು. ಮನೆ ಕೀ ಯಾಕೆ ಕಳ್ಸಿದೀಯ?”

“ಗೊಂಚಲಲ್ಲೇ ಇತ್ತಲ್ಲ…”

“ಒಂದು ಕೀ ಬಿಡ್ಸೋಕೆ ಬರಲ್ವಾ ನಿನಗೆ? ಇಡೀ ಇಂಜಿನ್ ಬಿಚ್ಚಿ ಜೋಡಿಸ್ತೀಯ.”

ಆ ಕಡೆ ಯಾರದೋ ಮನೆಯ ಕುಕ್ಕರ್ ಕೂಗಿತು. ಅವನು ಅದು ಮುಗಿಯಲಿ ಅಂತ ಕಾಯ್ದ.

“ಸುಮಾ, ಇಲ್ಲಿ ಪರ್ಮನೆಂಟ್ ಮಾಡ್ತೀವಿ ಅಂತಿದಾರೆ.”

“ಯಾವಾಗ ಹೇಳಿದ್ರು?”

“ದಸರಾಗೆ ಮುಂಚೆ.”

“ಅಂದ್ರೆ ನನಗೆ ಟೈರು, ಟ್ಯಾಂಕು ಅಂತ ಪಾಠ ಮಾಡ್ವಾಗ ಗೊತ್ತಿತ್ತು.”

“ಕಾರು ಹಾಳಾಗ್ಬಾರ್ದಲ್ಲ ಕಣೆ.”

“ಓಡಿಸೋನೇ ಬರಲ್ಲ ಅಂದ್ಮೇಲೆ ಹಾಳಾದ್ರೆ ಏನು, ಬಿಟ್ರೆ ಏನು?”

“ಬರಲ್ಲ ಅಂತ ಹೇಳಿಲ್ಲ. ನೀನೇ ಬಂದ್ಬಿಡು ಅಂತ ಹೇಗೆ ಕೇಳ್ಲಿ ಅಂತ ಗೊತ್ತಾಗ್ಲಿಲ್ಲ. ಅಲ್ಲಿ ಇಷ್ಟು ವರ್ಷ ಡಬ್ಬಕ್ಕೆ ಟೇಪ್ ಸುತ್ತಿದೀನಿ ಸುಮಾ. ಇಲ್ಲಿ ನಾನು ಒಳಗೆ ಹೋದ್ರೆ ಹುಡುಗ್ರು ಎದ್ದು ನಿಂತ್ಕೋತಾರೆ.”

ನನಗೂ ಇಲ್ಲಿ ಒಂದು ಕೆಲಸ ಇತ್ತು, ನನ್ನ ಮಾತು ಕೇಳುವ ಒಂದು ತಂಡ ಇತ್ತು. ಅದನ್ನು ಕಟ್ಟಿಕೊಳ್ಳಲು ನಾನೂ ಕಡಿಮೆ ಒದ್ದಾಡಿರಲಿಲ್ಲ. ಅದನ್ನೇ ಹೇಳಿದೆ. ಗೊತ್ತು ಅಂದ. ಇಬ್ಬರದೂ ಸರಿ ಇರುವ ಜಗಳ ಬಹಳ ಕೆಟ್ಟದ್ದು, ಕೂಗಾಡಲಿಕ್ಕೂ ಆಗುವುದಿಲ್ಲ.

“ಏಪ್ರಿಲ್‌ವರೆಗೆ ಯೋಚ್ನೆ ಮಾಡೋಣ,” ಅಂದೆ.

“ಮಾಡೋಣ,” ಅಂದ. ಆಮೇಲೆ, “ಶನಿವಾರ ಬಿಡೋಕೆ ಹೋಗ್ತಿದೀಯಲ್ಲ? ವೈಪರ್ ಗಾಜಿಗೆ ಅಂಟ್ಕೊಳುತ್ತೆ, ಎತ್ತಿ ನಿಲ್ಸು,” ಅಂದ.

ಶನಿವಾರ ಬಸವರಾಜ ಓಡಿಸಿದ. ನಾನು ಪಕ್ಕದಲ್ಲಿ. ಲೈಡನ್ ದಾಟಿದ ಮೇಲೆ ಎರಡೂ ಕಡೆ ಬೋಳು ಹೊಲ, ಮೇಲೆ ಒಣಹುಲ್ಲು ಹೊದಿಸಿದ್ದರು. ಹಸಿರಿನ ಚೂರೂ ಇಲ್ಲ. ಗೋದಾಮಿನ ಬಾಗಿಲು ತೆಗೆದಾಗ ಆ ವಾಸನೆ, ಗೆಡ್ಡೆಗಳೆಲ್ಲ ಹೋಗಿದ್ದರೂ ಗೋಡೆಯಲ್ಲಿ ಉಳಿದುಕೊಂಡದ್ದು. ರಿಯಾ ಎತ್ತರದ ಹೆಂಗಸು, ರಬ್ಬರ್ ಬೂಟು, ಕೈಯಲ್ಲಿ ಟಾರ್ಚು. ಕೈ ಕುಲುಕುವ ಮೊದಲೇ ಕಾರಿನೊಳಗೆ ಬೆಳಕು ಬಿಟ್ಟಳು. ಸೀಟಿನ ಸಂದಿಯಿಂದ ಬೆರಳಲ್ಲಿ ಏನನ್ನೋ ತೆಗೆದು ನನ್ನ ಮುಖದ ಮುಂದೆ ಹಿಡಿದಳು.

“ಇದೇನು?”

ಕಡ್ಲೆಪುರಿ. ನಾನು ಗುಡಿಸಿದ್ದೆ, ಒರೆಸಿದ್ದೆ. ಆದರೂ ಉಳಿದಿತ್ತು.

“ಅಕ್ಕಿಯದು. ದೇವರ ಪ್ರಸಾದ,” ಅಂದೆ.

“ಒಳ್ಳೆಯದು. ನನ್ನ ಇಲಿಗಳಿಗೆ ದೈವಭಕ್ತಿ ಜಾಸ್ತಿ,” ಅಂದಳು ರಿಯಾ. “ಇದಕ್ಕೆ ಬರುತ್ತವೆ, ಇದು ಮುಗಿದ ಮೇಲೆ ನಿನ್ನ ವೈರುಗಳನ್ನು ತಿನ್ನುತ್ತವೆ. ಒಂದು ಕಾಳು ಇದ್ದರೂ ಒಳಗೆ ಬಿಡುವುದಿಲ್ಲ.”

ಬಸವರಾಜ ಸೀಟಿನ ಅಡಿಯಿಂದ ಇನ್ನೊಂದು ಹಿಡಿ ಬಾಚಿ ತೆಗೆದ. “ಏನ್ರೀ ವೈನಿ, ಚುರಮರಿ ಅಂಗಡೀನ ಇಟ್ಟೀರಲ್ರಿ! ಉಳ್ಳಾಗಡ್ಡಿ, ಖಾರ ತಂದಿದ್ರ ಇಲ್ಲೇ ಗಿರಮಿಟ್ ಮಾಡತಿದ್ನಿ.”

ರಿಯಾ ವ್ಯಾಕ್ಯೂಮ್ ತಂದುಕೊಟ್ಟಳು. ಅದು ಹೋಗದ ಸಂದಿಗಳಿಗೆ ನಾನು ಮೊಣಕಾಲೂರಿ ಹೇರ್‌ಪಿನ್ ಹಾಕಿ ಒಂದೊಂದಾಗಿ ಕೆದಕಿದೆ. ಡ್ರೈವರ್ ಸೀಟಿನ ಹಳಿಯಲ್ಲೇ ಹೆಚ್ಚು ಸಿಕ್ಕಿಕೊಂಡಿತ್ತು. ಆ ಸೀಟು ಶ್ರೀಧರನ ಉದ್ದ ಕಾಲಿಗೆ ತಕ್ಕ ಹಾಗೆ ಪೂರ್ತಿ ಹಿಂದಕ್ಕಿತ್ತು. ಬಸವರಾಜ ಕುಳ್ಳ. ದಾರಿಯುದ್ದಕ್ಕೂ ಅಂಚಿನಲ್ಲಿ ತುದಿಗಾಲು ಚಾಚಿ ಕೂತು ಓಡಿಸಿದ್ದನೇ ಹೊರತು ಅದನ್ನು ಮುಂದಕ್ಕೆ ಎಳೆದಿರಲಿಲ್ಲ. ಯಾಕೋ ಅಂದೆ. “ಅಣ್ಣಾವ್ರ ಸೀಟ್ ರೀ, ಬಂದು ಬಯ್ತಾರ,” ಅಂದ. ನನಗೆ ಅಲ್ಲಿಯೇ ಕಣ್ಣಲ್ಲಿ ನೀರು ಬಂತು. ವ್ಯಾಕ್ಯೂಮಿನ ಧೂಳು ಅಂದೆ.

ಬ್ಯಾಟರಿಯ ಕರಿ ವೈರನ್ನು ನಾನೇ ಬಿಚ್ಚಿದೆ. ಚಕ್ರಕ್ಕೆ ಮರದ ತುಂಡು ಕೊಟ್ಟೆ, ವೈಪರ್ ಎತ್ತಿ ನಿಲ್ಲಿಸಿದೆ. ರಿಯಾ ಕೀ ತೆಗೆದುಕೊಂಡು, “ಏಪ್ರಿಲ್‌ನಲ್ಲಿ ಯಾರು ಬರ್ತಾರೆ?” ಅಂತ ಕೇಳಿದಳು.

“ಇವರ ಗಂಡ,” ಅಂದ ಬಸವರಾಜ.

“ನಾನು,” ಅಂದೆ.

ರಿಯಾ ಇಬ್ಬರ ಮುಖವನ್ನೂ ನೋಡಿದಳು. ಟ್ರ್ಯಾಕ್ಟರಿನಿಂದ ಒಂದು ಬಿಳಿ ಕ್ಯಾರಾವಾನನ್ನು ತಳ್ಳಿಕೊಂಡು ಬಂದು ನಮ್ಮ ಕಾರಿನ ಮೂತಿಗೆ ಅಂಗೈ ಅಗಲದ ಜಾಗ ಬಿಟ್ಟು ನಿಲ್ಲಿಸಿದಳು. ನೀಲಿ ಬಣ್ಣ ಕಾಣದಾಯಿತು.

ವಾಪಸ್ ಬರುವ ರೈಲಿನಲ್ಲಿ ಬಸವರಾಜನಿಗೆ ಕೀ ಗೊಂಚಲಿನ ಕಥೆ ಹೇಳಿದೆ. “ಗಾಡಿಗಂತೂ ಎಲ್ಲಾ ಮಾಡಿದ್ರಿ, ವೈನಿ,” ಅಂದ. ಅಷ್ಟೇ ಅಂದ.

ಆ ಚಳಿಗಾಲವನ್ನು ಬಿಡಿಸಿ ಹೇಳುವಂಥದ್ದೇನೂ ಇಲ್ಲ. ಕತ್ತಲಲ್ಲಿ ಹೋಗುವುದು, ಕತ್ತಲಲ್ಲಿ ಬರುವುದು. ಒಬ್ಬಳಿಗೆ ಅನ್ನ ಮಾಡುವುದು ಕಷ್ಟ, ಯಾವಾಗಲೂ ಮಿಗುತ್ತದೆ. ಚಿತ್ರಾನ್ನ ತಿಂದು ತಿಂದು ಅರಿಸಿನ ಕಂಡರಾಗದ ಹಾಗಾಯಿತು. ನವೆಂಬರ್ ಕೊನೆಗೆ ಮಾಡಿದ ರಾಜ್ಯೋತ್ಸವಕ್ಕೆ ರೈಲು, ಟ್ರಾಮ್ ಹಿಡಿದು ಹೋದೆ, ಬಂದವರೆಲ್ಲ ‘ಶ್ರೀಧರ್ ಎಲ್ಲಿ’ ಅಂತ ಕೇಳಿದರು. ಆಮೇಲೆ ಭಾನುವಾರದ ಊಟಗಳಿಗೆ ಹೋಗುವುದನ್ನು ಬಿಟ್ಟೆ. ಭಾನುವಾರ ಸಂಜೆ ಗೊಂಚಲನ್ನು ಮೇಜಿನ ಮೇಲಿಟ್ಟುಕೊಂಡು ಕೂತದ್ದೂ ಉಂಟು. ಒಂದೇ ಒಂದು ಹೊಸ ಕೆಲಸ ಮಾಡಿದೆ, ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಯಾಕೆ ಅಂತ ಗೊತ್ತಿಲ್ಲ. ವಾರಕ್ಕೊಮ್ಮೆ ಯಾರಾದರೂ ಪಕ್ಕದಲ್ಲಿ ಕೂತು ನನ್ನನ್ನು ಬಯ್ಯಲಿ ಅಂತಲೋ ಏನೋ.

ಫೆಬ್ರವರಿಯಲ್ಲಿ ಶ್ರೀಧರ ಸಹಿ ಹಾಕಿದ. ಹಾಕುವ ಮೊದಲು ಕೇಳಿದ, “ಬರ್ತೀಯಾ?” ನಾನು ಇಡೀ ವಾರ ಯೋಚಿಸಿ, “ಇಲ್ಲ ಕಣೋ,” ಅಂದೆ. ಯಾರೂ ಯಾರನ್ನೂ ಬಿಡಲಿಲ್ಲ. ದಿನಾ ಫೋನು, ರಜೆಗೆ ಅವನು ಇಲ್ಲಿಗೆ ಇಲ್ಲವೇ ನಾನು ಅಲ್ಲಿಗೆ. ಇವತ್ತಿಗೂ ಹಾಗೇ ನಡೆದಿದೆ. ಆದರೆ ಒಂದು ಮನೆ ಅನ್ನುವುದು ಅವತ್ತು ಮುಗಿಯಿತು, ಇಬ್ಬರಿಗೂ ಗೊತ್ತಾಯಿತು.

ಮಾರ್ಚಿನಲ್ಲಿ ನನಗೆ ಲೈಸೆನ್ಸ್ ಸಿಕ್ಕಿತು. ಶ್ರೀಧರ ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದನಂತೆ. “ಏಪ್ರಿಲಲ್ಲಿ ಕಾರು ನೀನೇ ಆಚೆ ತೆಗೀಬೇಕು, ಆಗ ಫೋನ್ ಮಾಡು!” ಅಂದ. ಹೂಂ ಅಂದೆ. ಅದಾದ ಮೇಲೆ ಕಾರು ಮಾರಾಟಕ್ಕಿದೆ ಅಂತ ಜಾಹೀರಾತು ಹಾಕಿದೆ. ಒಬ್ಬಳಿಗೆ ಕಾರು ಯಾಕೆ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಓಡಿಸಬೇಕಾದರೆ ನಾನು ಆ ಸೀಟನ್ನು ಮುಂದಕ್ಕೆ ಎಳೆಯಬೇಕಿತ್ತು. ನನ್ನ ಕೈಯಲ್ಲಿ ಅದಾಗುತ್ತಿರಲಿಲ್ಲ. ಮಾರಿದ್ದನ್ನು ಅವನಿಗೆ ಹೇಳಿರಲಿಲ್ಲ. ಈಗ ಅವನಿಗೆ ಗೊತ್ತು, ಯಾರೂ ಫೋನ್ ಮಾಡಿ ಚಾಡಿ ಹೇಳುವ ಕಷ್ಟ ತೆಗೆದುಕೊಳ್ಳಬೇಡಿ.

ಏಪ್ರಿಲಿನ ಆ ಬೆಳಿಗ್ಗೆ ಹೊಲಗಳೆಲ್ಲ ಹೂವಾಗಿದ್ದವು, ಕಣ್ಣು ಕುಕ್ಕುವಷ್ಟು. ರಿಯಾ ಕ್ಯಾರಾವಾನು ಸರಿಸಿ, ಬ್ಯಾಟರಿ ಜೋಡಿಸಿ, ಕಾರನ್ನು ಅಂಗಳಕ್ಕೆ ತಳ್ಳಿಸಿದಳು. ಒಂದು ವೈರನ್ನೂ ಇಲಿ ಮುಟ್ಟಿರಲಿಲ್ಲ. ಕೊಂಡವನು ಯಾರೋ ಉದ್ದನೆಯ ಡಚ್ ಮನುಷ್ಯ. ಅವನು ಒಳಗೆ ಕೂರುವಾಗ ನಾನು ಗೇಟಿನ ಕಡೆ ನಾಲ್ಕು ಹೆಜ್ಜೆ ಸರಿದು ಶ್ರೀಧರನಿಗೆ ಫೋನ್ ಮಾಡಿದೆ, ಹೇಳಿಬಿಡೋಣ ಅಂತಲೇ. ಅವನು ‘ಹಲೋ’ ಅನ್ನುವುದಕ್ಕೂ ಆ ಮನುಷ್ಯ ಕೀ ತಿರುಗಿಸುವುದಕ್ಕೂ ಸರಿಹೋಯಿತು.

“ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತಾ!” ಶ್ರೀಧರ ಕಿರುಚಿದ. “ನೋಡ್ದಾ? ಹೇಳ್ದ ಹಾಗೆ ಮಾಡಿದ್ರೆ ಹೀಗೆ!”

“ಶ್ರೀಧರ, ಕೇಳು…”

“ಇಂಜಿನ್ ಕೇಳ್ತಿದೀನಿ, ನೀನು ಮಾತಾಡ್ಬೇಡ, ಗಮನ ಮುಂದೆ ಇರ್ಲಿ. ಫೋನ್ ಸ್ಪೀಕರಿಗೆ ಹಾಕಿ ಪಕ್ಕದ ಸೀಟಲ್ಲಿ ಇಡು. ಇಟ್ಯಾ? ಈಗ ನಿಧಾನಕ್ಕೆ ಬಿಡು.”

ಕಾರು ನನ್ನ ಪಕ್ಕದಿಂದಲೇ ಹೊರಟಿತು. ಆ ಮನುಷ್ಯ ಕೈಯೆತ್ತಿದ. ನಾನೂ ಎತ್ತಿದೆ.

“ಮೊದಲು ಒಂದೆರಡು ಸಲ ಬ್ರೇಕ್ ಮೆಲ್ಲಗೆ ಒತ್ತು. ತುಕ್ಕು ಹಿಡಿದಿರುತ್ತೆ, ಕರಕರ ಅನ್ನುತ್ತೆ, ಹೆದರ್ಬೇಡ.”

ಗೇಟಿನ ಹತ್ತಿರ ಬ್ರೇಕು ಕರಕರ ಅಂದಿತು.

“ಕೇಳಿಸ್ತು, ಕೇಳಿಸ್ತು! ಅಷ್ಟೇ, ಇನ್ನೇನಿಲ್ಲ. ಎರಡನೇ ಗೇರ್ ಹಾಕು.”

ಕಾರು ಕಾಲುವೆಯ ರಸ್ತೆಗೆ ತಿರುಗಿತು. ಹೂವಿನ ಸಾಲುಗಳ ಮೇಲೆ ಅದರ ನೀಲಿ ತಲೆ ಮಾತ್ರ ಸ್ವಲ್ಪ ದೂರ ಕಂಡಿತು, ಆಮೇಲೆ ಅದೂ ಇಲ್ಲ.

“ಹಾಕ್ದಾ?”

“ಹಾಕ್ದೆ.”

“ಸೌಂಡೇ ಬರ್ತಿಲ್ಲ ನೋಡು. ಎಷ್ಟು ಸ್ಮೂತಾಗಿ ಹೋಗ್ತಿದೆ!”

“ಹೂಂ ಕಣೋ,” ಅಂದೆ. “ತುಂಬ ಸ್ಮೂತಾಗಿ ಹೋಗ್ತಿದೆ.”